ಮುಧೋಳದಲ್ಲಿ ನಿಂತ ಬಸ್ಸು

ಸಾವಿರದ ಒಂಬೈನೂರ ಅರವತ್ತಾರನೆಯ ಇಸವಿಯ ಒಂದು ಉರಿ ಮಧ್ಯಾಹ್ನ, ಜಮಖಂಡಿಯಿಂದ ಬಾಗಲಕೋಟೆಗೆ ಹೊರಟಿದ್ದ ಬಸ್ಸಿನ ಹಿಂದಿನ ಎಡಗಡೆಯ ಟಯರು ಮುಧೋಳದಲ್ಲಿ ಪಂಕ್ಚರ್ ಆಯಿತು. ಇತಿಹಾಸಕಾರರು ಈ ಘಟನೆಗೆ ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ. ಸಾಮ್ರಾಜ್ಯಗಳು ಎದ್ದದ್ದು ಬಿದ್ದದ್ದನ್ನೆಲ್ಲ ತಿಥಿವಾರಸಮೇತ ಬರೆದಿಟ್ಟ ಮಹನೀಯರು ಈ ಟಯರಿನ ಬಗ್ಗೆ ಒಂದು ಸಾಲನ್ನೂ ಬರೆಯದೆ ಕಣ್ಣು ಮುಚ್ಚಿದರು. ಆದ್ದರಿಂದ ಆ ಕೆಲಸ ಇಲ್ಲಿ ಮಾಡಬೇಕಾಗಿದೆ.

ಬಸ್ಸಿನಲ್ಲಿ ಸವಳಗಿಯ ಒಬ್ಬ ತುಂಬು ಗರ್ಭಿಣಿ ಹೆರಿಗೆಗೆಂದು ಕಲಾದಗಿಯ ತವರಿಗೆ ಹೊರಟಿದ್ದಳು. ಡ್ರೈವರ್ ಸ್ಟೆಪ್ನಿ ಇಳಿಸಿ ನೋಡಿದ. ಅದರಲ್ಲೂ ಗಾಳಿ ಇರಲಿಲ್ಲ. ಗಾಳಿ ತುಂಬಿಸಿ ತರುವಷ್ಟರಲ್ಲಿ ಆಕೆಗೆ ನೋವು ಕಾಣಿಸಿಕೊಂಡು, ಮುಧೋಳದ ಸರಕಾರಿ ಆಸ್ಪತ್ರೆಯಲ್ಲಿ ಗಂಡು ಮಗು ಹುಟ್ಟಿತು. ಮೂರನೆಯ ದಿನ ತಾಯಿ ಮಗು ಇಬ್ಬರೂ ಕಲಾದಗಿಗೆ ಹೋದರು. ಮಗುವಿಗೆ ಸಂಗಪ್ಪ ಎಂದು ಹೆಸರಿಟ್ಟರು. ಆಮೇಲೆ ಸಂಗಪ್ಪ ಮುಧೋಳವನ್ನು ನೋಡಿದ್ದೇನಾದರೂ ಇದ್ದರೆ ಬಸ್ಸಿನ ಕಿಟಕಿಯಿಂದ ಮಾತ್ರ. ಆದರೆ ಅವನ ಪಾಸ್‌ಪೋರ್ಟಿನಲ್ಲಿ ಜನ್ಮಸ್ಥಳ ಎಂಬಲ್ಲಿ ಮುಧೋಳ ಎಂದೇ ಅಚ್ಚಾಯಿತು. ಮೂವತ್ತೆರಡು ವರ್ಷಗಳ ನಂತರ ಆ ಮೂರಕ್ಷರ ಕುವೈತಿನ ಮರುಭೂಮಿಯಲ್ಲಿ ಅವನ ಬೆನ್ನು ಹತ್ತಿತು. ಬೆನ್ನು ಹತ್ತಿತು ಎಂಬುದನ್ನು ಓದುಗರು ಅಕ್ಷರಶಃ ತೆಗೆದುಕೊಳ್ಳಬೇಕು.

ಸಂಗಪ್ಪ ಶುವೈಖಿನ ಒಂದು ಎ.ಸಿ. ವರ್ಕ್‌ಶಾಪಿನಲ್ಲಿ ಟೆಕ್ನಿಷಿಯನ್. ಕೊರಳಲ್ಲಿ ಲಿಂಗ, ಕಿಸೆಯಲ್ಲಿ ಟೆಸ್ಟರು, ನಡುವೆ ಒಂದು ಹೆದರಿದ ಹೊಟ್ಟೆ. ಹೆದರಿಕೆಗೆ ಕಾರಣವಿತ್ತು. ಏಳನೆಯ ವಯಸ್ಸಿನಲ್ಲಿ ಸವಳಗಿಯ ಕುಂಬಾರರ ನಾಯಿ ಅವನ ಮೀನಖಂಡ ಹಿಡಿದಿತ್ತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಆದವು. ಅಂದಿನಿಂದ ನಾಯಿ ಬೊಗಳುವ ಸದ್ದು ಟಿ.ವಿ.ಯಲ್ಲಿ ಕೇಳಿದರೂ ಅವನ ಕೈ ತಾನಾಗಿ ಹೊಕ್ಕುಳ ಮುಚ್ಚಿಕೊಳ್ಳುತ್ತಿತ್ತು.

ಈ ಸಂಗಪ್ಪನಿಗೆ ನವೆಂಬರ್ ಕೊನೆಯಲ್ಲಿ ಒಂದು ಭಾಗ್ಯ ಒದಗಿತು. ಅಹ್ಮದಿ ಕಡೆಯ ದೊಡ್ಡ ಕಂಪೆನಿಯೊಂದು ತನ್ನ ಚಿಲ್ಲರ್ ಪ್ಲಾಂಟಿಗೆ ಅವನನ್ನು ಆರಿಸಿತು. ಆ ಹುದ್ದೆಗೆ ಫ್ಯಾಮಿಲಿ ವೀಸಾ ಸಿಗುತ್ತಿತ್ತು. ನಾಲ್ಕು ವರ್ಷದಿಂದ ಸವಳಗಿಯಲ್ಲಿ ಅತ್ತೆಯ ಜೊತೆ ಎಮ್ಮೆ ನೋಡಿಕೊಂಡಿದ್ದ ನೀಲಕ್ಕ ಕೊನೆಗೂ ಗಂಡನ ಬಳಿ ಬರಬಹುದಿತ್ತು. ಸಂಗಪ್ಪ ಫಿಂಟಾಸಿನಲ್ಲಿ ಒಂದು ಮನೆಯನ್ನೂ ನೋಡಿ ಇಟ್ಟಿದ್ದ. ಅದರ ಬಚ್ಚಲ ಕಿಟಕಿಯಿಂದ ತಲೆ ಹೊರಹಾಕಿ ಎಡಕ್ಕೆ ತಿರುಗಿದರೆ ಅಂಗೈಯಗಲ ಸಮುದ್ರ ಕಾಣುತ್ತಿತ್ತು. ಹೆಂಡತಿಗೆ ಬರೆದ ಪತ್ರದಲ್ಲಿ ಅದನ್ನು 'ಸಮುದ್ರದ ದಂಡಿ ಮನಿ' ಎಂದು ಬರೆದ.

ಉಳಿದದ್ದು ಒಂದೇ ಕಾಗದ. ವೀಸಾ ಕೊಟ್ಟ ಯಜಮಾನ, ಅಂದರೆ ಕಫೀಲ್, ಇವನನ್ನು ಬಿಟ್ಟಿದ್ದೇನೆ ಎಂದು ರಿಲೀಸಿಗೆ ಸಹಿ ಹಾಕಬೇಕು. ಶನಿವಾರ ಬೆಳಿಗ್ಗೆ ಆ ಕಾಗದ ಹೊಸ ಕಂಪೆನಿಯ ಮೇಜಿನ ಮೇಲೆ ಇರಬೇಕು. ಕಫೀಲ್ ಅಬು ನವಾಫ್ ಮಾತ್ರ ವಾರದಿಂದ ಊರಲ್ಲಿಲ್ಲ. ಚಳಿಗಾಲ ಬಂದದ್ದೇ ಮರುಭೂಮಿಯಲ್ಲಿ ಡೇರೆ ಹಾಕಿಸಿ, ಗಿಡುಗ ಮತ್ತು ಬೇಟೆನಾಯಿಗಳೊಂದಿಗೆ ಕೂತಿದ್ದ.

ಇಲ್ಲಿ ಕ್ಲೆಮೆಂಟ್ ಪ್ರವೇಶಿಸುತ್ತಾನೆ. ಶಿರ್ವದ ಕ್ಲೆಮೆಂಟ್ ವರ್ಕ್‌ಶಾಪಿನ ಕ್ಲಾರ್ಕು, ಅರಬಿಯಲ್ಲಿ ಟೈಪ್ ಮಾಡಬಲ್ಲವ, ಹದಿನೆಂಟು ವರ್ಷದ ಕುವೈತಿಗ. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಕೊಂಕಣಿಯಲ್ಲೂ ಬಂದದ್ದಿಲ್ಲ.

"ನಾಳೆಯೇ ಹೋಗುವ," ಎಂದ ಕ್ಲೆಮೆಂಟ್ ಬುಧವಾರ ಸಂಜೆ. "ಶುಕ್ರವಾರ ಅವರು ಮೊರೊಕ್ಕೊಗೆ ಶಿಕಾರಿಗೆ ಹಾರ್ತಾರೆ. ಬರುದು ಇಪ್ಪತ್ತು ದಿನಕ್ಕೆ. ನಾಳೆ ಸಹಿ ಆಗದಿದ್ರೆ ನಿಮ್ಮ ಕತೆ ಖಲಾಸ್."

"ಡೇರೆಕ್ಕ ಹೋಗಿ ಕಾಗದ ಮುಂದ ಹಿಡಿದ್ರ ಸಿಟ್ಟಿಗೇಳ್ತಾರ್ರಿ ಸಾಹೇಬ್ರ."

"ಏಳುದಿಲ್ಲ ಮಾರಾಯ್ರೆ. ನಾನು ಎರಡು ವ್ಯವಸ್ಥೆ ಮಾಡಿಟ್ಟಿದ್ದೇನೆ." ಕ್ಲೆಮೆಂಟ್ ಫೈಲು ಬಿಚ್ಚಿದ. "ಒಂದನೆಯದು, ಇದು ನೋಡಿ. ಹೊಸ ಕಫೀಲನ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಆ ಕಂಪೆನಿಯ ಹೆಸರು ಓದಿದ್ರೆ ಇವರ ಮೂಡು ಹಾಳು. ಸಹಿ ಆಗ್ಲಿ, ಆಮೇಲೆ ನಾನೇ ಟೈಪ್ ಹೊಡೀತೇನೆ."

ಸಂಗಪ್ಪ ಮೆಚ್ಚಿ ತಲೆಯಾಡಿಸಿದ.

"ಎರಡನೆಯದು, ನಿಮ್ಮ ಪಾಸ್‌ಪೋರ್ಟಿನಲ್ಲಿ ಮುಧೋಳ ಅಂತ ಉಂಟಲ್ಲ? ಮುಧೋಳದ ಬೇಟೆನಾಯಿಯೂ ಇವರ ಸಲೂಕಿ ನಾಯಿಯೂ ಒಂದೇ ವಂಶ ಅಂತ ನಾನು ವಾರಪತ್ರಿಕೆಯಲ್ಲಿ ಓದಿದ್ದೆ. ಫೋನಲ್ಲಿ ಅವರಿಗೆ ಹೇಳಿಬಿಟ್ಟೆ, ನಮ್ಮ ಸಂಗಪ್ಪ ಅದೇ ಊರಿನವ, ಅವರ ಮನೆಯಲ್ಲಿ ಏಳು ತಲೆಮಾರಿನಿಂದ ಬೇಟೆನಾಯಿ ಸಾಕುದೇ ಕೆಲಸ ಅಂತ. ಎಷ್ಟು ಖುಷಿಪಟ್ರು ಗೊತ್ತುಂಟಾ? ಕರ್ಕೊಂಡು ಬಾ ಅಂದ್ರು."

ಸಂಗಪ್ಪನ ಕೈ ಹೊಕ್ಕುಳಿಗೆ ಹೋಯಿತು. "ಸಾಹೇಬ್ರ, ನಮ್ಮನ್ಯಾಗ ಏಳು ತಲಿಮಾರಿನಿಂದ ಎಮ್ಮಿ ಸಾಕೇವ್ರಿ. ನಾಯಿ ಅಂದ್ರ ನನಗ ಜೀವಾನ ಹೋಗ್ತೈತಿ."

"ನಿಮಗೆ ಹೆದರಿಕೆ ಅಂತ ಅವರಿಗೆ ಗೊತ್ತುಂಟಾ?"

"ಅವರಿಗೆ ಗೊತ್ತಿಲ್ಲರಿ. ನಾಯಿಗೆ ಗೊತ್ತಾಕ್ಕೈತಿ."

"ಒಂದು ದಿನದ ಮಾತು," ಎಂದ ಕ್ಲೆಮೆಂಟ್, ತಾನೇ ಕಚ್ಚಿಸಿಕೊಳ್ಳಲು ಹೊರಟವನಂತೆ ಗಂಭೀರವಾಗಿ. "ಇನ್ನೊಂದು ನೆನಪಿಡಿ. ಕಾಫಿ ಕೊಡ್ತಾರೆ. ಕೊಟ್ಟ ಕೂಡ್ಲೆ ಕುಡೀಬೇಕು, ಕೆಳಗಿಡ್ಲಿಕ್ಕಿಲ್ಲ. ಮೊದಲು ಕುಡಿದು ಅವರ ಮನಸ್ಸು ತಣ್ಣಗೆ ಮಾಡಿ, ಆಮೇಲೆ ಕೇಳುದು. ಹದಿನೆಂಟು ವರ್ಷದಿಂದ ನೋಡ್ತಿದ್ದೇನೆ ಈ ಜನರನ್ನು."

ಗುರುವಾರ ಬೆಳಕು ಹರಿಯುವ ಮೊದಲೇ ಇಬ್ಬರೂ ಮಹಮ್ಮದ್ ಕುಂಞಿಯ ಪಿಕಪ್ ಹತ್ತಿದರು. ಉಪ್ಪಿನಂಗಡಿಯ ಕುಂಞಿ ಅಬು ನವಾಫನ ಮನೆಯ ಡ್ರೈವರು. ಚಳಿಗಾಲದಲ್ಲಿ ಡೇರೆಯ ಅಡುಗೆಯೂ, ಅತಿಥಿಗಳಿಗೆ ಕಾಫಿ ಹೊಯ್ಯುವುದೂ ಅವನದೇ. ಹಿಂದೆ ನೀರಿನ ಡ್ರಮ್ಮು, ಇದ್ದಿಲಿನ ಚೀಲ, ಎರಡು ಕುರಿ. ಡೇರೆಯಲ್ಲಿ ತನಗೆ ತಿನ್ನುವಂಥದ್ದು ಏನೂ ಸಿಗಲಿಕ್ಕಿಲ್ಲ ಎಂದು ಸಂಗಪ್ಪ ಎಂಟು ಶೇಂಗಾ ಹೋಳಿಗೆಯನ್ನು ಪೇಪರಿನಲ್ಲಿ ಸುತ್ತಿ ಜಾಕೀಟಿನ ಎರಡೂ ಕಿಸೆಗೆ ತುರುಕಿಕೊಂಡಿದ್ದ. ವಾರದ ಹಿಂದೆ ಊರಿಂದ ಬಂದವರ ಕೈಯಲ್ಲಿ ನೀಲಕ್ಕ ಕಳಿಸಿದ್ದು. ಎಮ್ಮೆ ತುಪ್ಪ ಹಿಂಡಿದರೆ ಸೋರುವಷ್ಟಿತ್ತು.

ಜಹರಾ ದಾಟಿ, ಡಾಂಬರು ಮುಗಿದು, ಮರಳಿನ ಮೇಲೆ ಟಯರಿನ ಗುರುತೇ ದಾರಿಯಾದಾಗ ಕುಂಞಿ ಹೇಳಿದ, "ಭಾಯಿ, ಒಂದು ಮಾತು. ಇಳಿದ ಮೇಲೆ ಟಯರಿನ ಗುರುತು ಬಿಟ್ಟು ಆಚೆ ಕಾಲಿಡ್ಬೇಡಿ. ಯುದ್ಧದ ಸಾಮಾನು, ಬಾಂಬು ಎಲ್ಲ ಇನ್ನೂ ಮಣ್ಣಿನಡಿ ಉಂಟು. ಹೋದ ವರ್ಷ ಒಂದು ಒಂಟೆ ಹೋಯ್ತು."

"ಎಲ್ಲಿಗೆ ಹೋತ್ರಿ?" ಎಂದು ಸಂಗಪ್ಪ ಕೇಳಿದ.

"ಎಲ್ಲ ಕಡೆಗೂ ಹೋಯ್ತು," ಎಂದ ಕುಂಞಿ.

ನಾಲ್ಕು ವರ್ಷದಲ್ಲಿ ಅಬು ನವಾಫ್ ಸಂಗಪ್ಪನನ್ನು ಮೂರು ಸಲ ನೋಡಿದ್ದ, ಮೂರು ಸಲವೂ ಬೇರೆ ಬೇರೆ ಹೆಸರಿನಿಂದ ಕರೆದಿದ್ದ. ಈ ದಿನ ಡೇರೆಯ ಬಾಗಿಲಿಗೇ ಬಂದು, "ಯಾ ಮುಧೋಲಿ," ಎಂದು ಎರಡೂ ತೋಳು ಚಾಚಿ ತಬ್ಬಿಕೊಂಡ. ತನ್ನ ಬಲಗಡೆ ಕೂರಿಸಿಕೊಂಡ. ಎಡಗಡೆ ಒಬ್ಬ ಅತಿಥಿ ಮೊದಲೇ ಕೂತಿದ್ದ. ವಫ್ರಾ ಕಡೆಯ ಅಬು ಮಿಶಾರಿ, ಒಣಗಿದ ಖರ್ಜೂರದಂಥ ಮುದುಕ. ಮಾತಾಡುತ್ತಿರಲಿಲ್ಲ, ಮಾತಾಡುವವರ ಮುಖ ನೋಡುತ್ತಿದ್ದ.

ಸಂಗಪ್ಪ ಅಂಥ ಜಾಗ ನೋಡಿದವನಲ್ಲ. ಕಪ್ಪು ಮೇಕೆಕೂದಲಿನ ಡೇರೆ, ಕೆಂಪು ಜಮಖಾನೆ, ನಡುವೆ ನಿಗಿನಿಗಿ ಇದ್ದಿಲು. ನೆಲಕ್ಕೆ ನೆಟ್ಟ ಗೂಟದ ಮೇಲೆ ಕಣ್ಣಿಗೆ ಚರ್ಮದ ಟೊಪ್ಪಿಗೆ ಹಾಕಿಕೊಂಡ ಗಿಡುಗ, ತೀರ್ಪು ಓದುವ ಮುಂಚಿನ ನ್ಯಾಯಾಧೀಶರ ಹಾಗೆ ಅಲುಗಾಡದೆ ಕೂತಿತ್ತು. ಬೇರೆ ನಾಯಿಗಳನ್ನು ಡೇರೆಯ ಹತ್ತಿರಕ್ಕೂ ಸೇರಿಸದ ಮನೆತನ ಅದು. ಆದರೆ ಸಲೂಕಿಗೆ ಮಾತ್ರ ಜಮಖಾನೆಯ ಮೇಲೆ ಜಾಗವಿತ್ತು. ಮರಳಿನ ಬಣ್ಣದ ಬರ್ಕ್ ಎಂಬ ಗಂಡುನಾಯಿ, ನಡು ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ, ಕಾಲು ಮುಗಿಯುವುದೇ ಇಲ್ಲವೋ ಎನ್ನುವಷ್ಟು ಉದ್ದ, ಕಣ್ಣಿಗೆ ಕಾಡಿಗೆ ಹಚ್ಚಿದಂತೆ ಗೆರೆ. ಅದು ಎದ್ದು ಬಂದು ಸಂಗಪ್ಪನ ಜಾಕೀಟನ್ನು ಮೂಸಿ, ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿತು.

ಸಂಗಪ್ಪ ಉಸಿರು ಬಿಡಲಿಲ್ಲ.  ಕಲ್ಲಾಗಿ ಕೂತ.

"ನೋಡಿದೆಯಾ," ಎಂದ ಅಬು ನವಾಫ್ ಅತಿಥಿಗೆ. "ನನ್ನ ಮಗನ ಹತ್ತಿರವೂ ಹೋಗದ ನಾಯಿ. ತನ್ನವರನ್ನು ಗುರುತು ಹಿಡಿಯಿತು. ಇವನು ನೋಡು, ಮುದ್ದು ಮಾಡುವುದಿಲ್ಲ, ಹಗುರಾಗುವುದಿಲ್ಲ. ಇದು ತಿಳಿದವರ ಲಕ್ಷಣ."

ಕುಂಞಿ ಪುಟ್ಟ ಬಟ್ಟಲಿಗೆ ಕಾಫಿ ಹೊಯ್ದ. ಹೇಳಿಕೊಟ್ಟಂತೆ ಸಂಗಪ್ಪ ತಕ್ಷಣ ಕುಡಿದ. ಮತ್ತೆ ಹೊಯ್ದ, ಮತ್ತೆ ಕುಡಿದ. ಕಾಗದದ ಮಾತು ತೆಗೆಯಬೇಕೆಂದು ಬಾಯಿ ತೆರೆದಾಗಲೆಲ್ಲ ಅಬು ನವಾಫ್ ಇನ್ನೊಂದು ದೇಶಕ್ಕೆ ಹೋಗುತ್ತಿದ್ದ. ಆತ ಬೇಟೆಗೆಂದೇ ಭೂಮಿ ಸುತ್ತಿದವನು. ಕಜಾಕರ ನಾಡಿನಲ್ಲಿ ಹಿಮದ ಮೇಲೆ ಕುದುರೆ ಏರಿ, ಹದ್ದನ್ನು ಬಿಟ್ಟು ನರಿ ಹಿಡಿಸುತ್ತಾರೆ. ಆ ಹದ್ದಿನ ಭಾರ ಎಷ್ಟೆಂದರೆ ಸವಾರ ತನ್ನ ಕೈಯನ್ನು ಕವೆಗೋಲಿಗೆ ಆನಿಸಿಕೊಂಡೇ ಹೋಗಬೇಕು. ಚೀನಾದ ಹೊಳೆಗಳಲ್ಲಿ ನೀರುಕಾಗೆಯ ಕೊರಳಿಗೆ ದಾರ ಕಟ್ಟಿ ಮೀನು ಹಿಡಿಸುತ್ತಾರೆ. ಏಳು ಮೀನು ಯಜಮಾನನಿಗೆ, ಎಂಟನೆಯದು ತನಗೆ. ಏಳಾದ ಮೇಲೆ ದಾರ ಸಡಿಲಿಸದಿದ್ದರೆ ಹಕ್ಕಿ ದೋಣಿಯ ಅಂಚು ಬಿಟ್ಟು ಕದಲುವುದಿಲ್ಲ, ಅದಕ್ಕೆ ಎಣಿಕೆ ಬರುತ್ತದೆ. ಆಫ್ರಿಕದಲ್ಲಿ ಆಯುಧವೇ ಇಲ್ಲದೆ ಬರಿದೇ ಓಡುವ ಜನರಿದ್ದಾರೆ. ಜಿಂಕೆಯ ಹಿಂದೆ ದಿನವಿಡೀ ಓಡಿ, ಅದು ದಣಿದು ಬೀಳುವವರೆಗೆ ತಾವು ಬೀಳುವುದಿಲ್ಲ.

ಕ್ಲೆಮೆಂಟ್ ಕನ್ನಡಕ್ಕೆ ತಿರುಗಿಸುತ್ತಾ ಹೋದ. ಸಂಗಪ್ಪ ತೊಡೆಯ ಮೇಲಿನ ತಲೆಯನ್ನು ಮರೆತು ಬಾಯಿ ತೆರೆದು ಕೇಳಿದ. ದಾರ ಸಡಿಲಿಸದಿದ್ದರೆ ಕದಲದ ಆ ಹಕ್ಕಿಯ ಮೇಲೆ ಅವನಿಗೆ ಬಹಳ ಗೌರವ ಬಂತು.

"ಯಲ್ಲಾ," ಎಂದು ಅಬು ನವಾಫ್ ಎದ್ದ. "ಮಾತು ಸಾಕು. ಮುಧೋಲಿ, ಬರ್ಕನನ್ನು ನೀನೇ ಬಿಡು."

ಅಬು ನವಾಫನ ಮೂವರು ಬೇಟೆಯ ಗೆಳೆಯರೂ ಬಂದು ಸೇರಿಕೊಂಡರು; ಎಲ್ಲರೂ ನಿಂತದ್ದು ಒಂದು ಸಣ್ಣ ದಿಬ್ಬದ ಮೇಲೆ. ಎರಡು ಲ್ಯಾಂಡ್‌ಕ್ರೂಸರ್ ದಿಬ್ಬದ ಸುತ್ತ ಒಂದು ಸುತ್ತು ಹೊಡೆದು ಬಂದು ಸಾಲಾಗಿ ನಿಂತಿದ್ದವು. ಚಳಿಗಾಲದ ಸೂರ್ಯ ಇನ್ನೂ ಕೆಳಗೇ ಇದ್ದು, ಮರಳಿನ ಪ್ರತಿಯೊಂದು ಅಲೆಗೂ ಒಂದೊಂದು ನೆರಳು ಹಚ್ಚಿದ್ದ. ಬಯಲು ಎಷ್ಟು ದೊಡ್ಡದಾಗಿತ್ತೆಂದರೆ ಸವಳಗಿಯ ಆಕಾಶ ಇದರ ಮುಂದೆ ಅಂಗಳದಷ್ಟು ಎಂದು ಸಂಗಪ್ಪನಿಗೆ ಅನ್ನಿಸಿತು. ಅಬು ನವಾಫ್ ಗಿಡುಗದ ಟೊಪ್ಪಿಗೆಯನ್ನು ಹಲ್ಲಿನಿಂದ ಎಳೆದು ತೆಗೆದ. ಗಿಡುಗ ಒಮ್ಮೆ ಸುತ್ತ ನೋಡಿತು. ಎಂಟು ಮಂದಿಗೆ, ಮೂರು ದುರ್ಬೀನುಗಳಿಗೆ ಕಾಣದ ಯಾವುದೋ ಒಂದನ್ನು ಅದು ಕಂಡಿತು. ರೆಕ್ಕೆ ಬಿಚ್ಚಿ ಹಾರಿದ್ದಕ್ಕೆ ಸದ್ದೇ ಇರಲಿಲ್ಲ. ಕೈಗವಚ ಮಾತ್ರ ಖಾಲಿಯಾಗಿತ್ತು.

ಬರ್ಕ್ ತಲೆಯೆತ್ತಿ ಗಿಡುಗದ ದಾರಿ ನೋಡಿತು. ಹಗ್ಗದ ತುದಿ ಸಂಗಪ್ಪನ ಮುಷ್ಟಿಯಲ್ಲಿತ್ತು. ಬಿಡು ಎಂದು ಯಾರೋ ಕೂಗಿದರು. ಹೆದರಿದ ಮುಷ್ಟಿ ಬಿಚ್ಚಲಿಲ್ಲ. ನಾಯಿ ಅವನನ್ನು ಎರಡು ಮಾರು ಎಳೆದೊಯ್ದು, ಅವನು ಮಂಡಿಯೂರಿ ಬಿದ್ದಾಗ ಹಗ್ಗ ತಾನಾಗಿ ಜಾರಿತು.

"ಆಹಾ," ಎಂದ ಅಬು ನವಾಫ್. "ಕೊನೆಯ ಗಳಿಗೆಯವರೆಗೆ ಹಿಡಿದ. ಮಂಡಿಯೂರಿ ಬಿಟ್ಟ."

ಸಂಗಪ್ಪ ತಲೆಯೆತ್ತಿದ. ಮುಂದೆ ಕಂಡದ್ದನ್ನು ಅವನು ಸಾಯುವವರೆಗೆ ಮರೆಯುವಂತಿರಲಿಲ್ಲ. ನಾಯಿ ಓಡುತ್ತಿದೆ ಅನ್ನಿಸಲಿಲ್ಲ. ನಾಯಿ ನಿಂತಲ್ಲೇ ಇದೆ, ನೆಲವನ್ನೇ ಯಾರೋ ಅದರ ಕೆಳಗಿನಿಂದ ಎಳೆದುಕೊಳ್ಳುತ್ತಿದ್ದಾರೆ ಅನ್ನಿಸಿತು. ಮುಂದೆ ಮಣ್ಣಿನ ಹೆಂಟೆಯೊಂದು ಇದ್ದಕ್ಕಿದ್ದಂತೆ ಕಿವಿ ಪಡೆದು ಮೊಲವಾಗಿ ನೆಗೆಯಿತು. ಮೇಲೆ ಗಿಡುಗದ ನೆರಳು, ಕೆಳಗೆ ನಾಯಿಯ ನೆರಳು, ಎರಡರ ನಡುವೆ ಮೊಲ ಎಡಕ್ಕೂ ಬಲಕ್ಕೂ ಗೆರೆ ಕೊಯ್ಯುತ್ತಿತ್ತು. ಬೊಗಳಿಲ್ಲ, ಕೂಗಿಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ಜೀವಕ್ಕಾಗಿ ನಡೆದಿದ್ದ ಓಟಕ್ಕೆ ಒಂದು ಪಿಸುಮಾತಿನಷ್ಟೂ ಸದ್ದಿರಲಿಲ್ಲ. ಸಂಗಪ್ಪ ಕೊರಳಿನ ಲಿಂಗ ಹಿಡಿದುಕೊಂಡ. ಮೊಲ ಬದುಕಲಿ ಎಂದು ಬೇಡಿಕೊಂಡನೋ, ನಾಯಿ ಗೆಲ್ಲಲಿ ಎಂದು ಬೇಡಿಕೊಂಡನೋ ಅವನಿಗೇ ತಿಳಿಯಲಿಲ್ಲ.

ಎಲ್ಲೋ ದೂರದಲ್ಲಿ ಧೂಳೆದ್ದು ಅಡಗಿತು. ನಾಯಿ ಹಿಡಿದಿತ್ತು.

ಸಲೂಕಿ ಹಿಡಿದ ಬೇಟೆಯನ್ನು ತರುವ ಜಾತಿಯಲ್ಲ. ಹಿಡಿದು ಅಲ್ಲೇ ನಿಲ್ಲುತ್ತದೆ, ಯಜಮಾನನೇ ಹೋಗಬೇಕು. ಸಾವಿರ ವರ್ಷದಿಂದ ಹಾಗೇ ನಡೆದುಬಂದದ್ದು. ಆದ್ದರಿಂದ ಎಲ್ಲರೂ ಗಾಡಿಯ ಕಡೆ ತಿರುಗಿದರು. ಅಷ್ಟರಲ್ಲಿ ಸಂಗಪ್ಪ, ಬೆಳಗಿನಿಂದ ಬರಿಯ ಕಾಫಿ ಬಿದ್ದ ಹೊಟ್ಟೆ ಹಸಿದಿದ್ದರಿಂದ, ಪಕ್ಕಕ್ಕೆ ಸರಿದು ಟಯರಿನ ಗುರುತಿನೊಳಗೇ ನಿಂತು ಒಂದು ಹೋಳಿಗೆ ಬಿಚ್ಚಿದ. ಗಾಳಿ ಅವನ ಕಡೆಯಿಂದ ಬಯಲಿನ ಕಡೆಗೆ ಬೀಸುತ್ತಿತ್ತು.

ನಾಯಿ ಮೂಗೆತ್ತಿತು. ಮೊಲವನ್ನು ಬಾಯಲ್ಲಿ ಹಿಡಿದುಕೊಂಡೇ ತಿರುಗಿತು. ನೆಟ್ಟಗೆ ಸಂಗಪ್ಪನ ಕಡೆಗೆ ಬರತೊಡಗಿತು.

ಸಂಗಪ್ಪ ಓಡಿದ.

ಟಯರಿನ ಗುರುತು ಬಿಟ್ಟರೆ ಒಂಟೆಯ ಗತಿ, ಬಿಡದಿದ್ದರೆ ಕುಂಬಾರರ ನಾಯಿಯ ಗತಿ. ಅವನು ಗುರುತು ಬಿಡಲಿಲ್ಲ. ಗುರುತು ದಿಬ್ಬದ ಸುತ್ತ ಹೋಗುತ್ತಿತ್ತು. ಅವನೂ ದಿಬ್ಬದ ಸುತ್ತ ಹೋದ. ಒಂದು ಕೈಯಲ್ಲಿ ಹೋಳಿಗೆ, ಇನ್ನೊಂದು ಕೈ ಹೊಕ್ಕುಳ ಮೇಲೆ. ಹಿಂದೆ ಬರ್ಕ್, ಆತುರವಿಲ್ಲದೆ, ಯಜಮಾನರ ಜೊತೆ ವಾಯುಸೇವನೆಗೆ ಹೊರಟಂತೆ, ಮೊಲದ ಸಮೇತ.

ದಿಬ್ಬದ ಮೇಲೆ ಮೂರು ದುರ್ಬೀನುಗಳು ನಿಧಾನವಾಗಿ ಒಂದು ಸುತ್ತು ತಿರುಗಿದವು.

"ಓಡಿ ಕರೆಯುತ್ತಾನೆ," ಎಂದ ಅಬು ನವಾಫ್, ದನಿ ತಗ್ಗಿಸಿ. "ಮುಂದೆ ತಾನು ಓಡಿ, ಹಿಂದೆ ನಾಯಿಯಿಂದ ಬೇಟೆ ತರಿಸುತ್ತಾನೆ. ಸುಭಾನಲ್ಲಾ. ಕಜಾಕರಲ್ಲೂ ಇಲ್ಲ ಇದು."

ಗುರುತು ಸುತ್ತು ಮುಗಿಸಿ ಹೊರಟಲ್ಲಿಗೇ ಬಂತು. ಸಂಗಪ್ಪನೂ ಬಂದ. ಕಫೀಲನ ಪಾದದ ಬಳಿ ಕುಸಿದು, ಕಿಸೆಯಲ್ಲಿದ್ದ ಹೋಳಿಗೆಗಳನ್ನೆಲ್ಲ ನಾಯಿಯ ಮುಂದೆ ಚೆಲ್ಲಿ ಕಣ್ಣು ಮುಚ್ಚಿದ. ನಾಯಿ ಮೊಲವನ್ನು ಮೆಲ್ಲನೆ ನೆಲಕ್ಕಿಟ್ಟು ಹೋಳಿಗೆಗೆ ಬಾಯಿ ಹಾಕಿತು. ಮೊಲಕ್ಕೆ ಒಂದು ಗೀರೂ ಆಗಿರಲಿಲ್ಲ. ಅದು ಒಂದು ಗಳಿಗೆ ಕೂತು, ಸುತ್ತಲಿನ ಬಿಳಿ ನಿಲುವಂಗಿಗಳನ್ನು ನೋಡಿ, ಹೊರಟುಹೋಯಿತು.

 ಅಬು ನವಾಫನ ಗಡ್ಡ ಒಂದು ಸಲ ಅಲುಗಿತು.

ಕ್ಲೆಮೆಂಟ್ ಮುಂದೆ ಬಂದ. "ಮುಧೋಳದಲ್ಲಿ ಇದು ಪದ್ಧತಿ," ಎಂದು ಶುದ್ಧ ಅರಬಿಯಲ್ಲಿ ಹೇಳಿದ. "ಋತುವಿನ ಮೊದಲ ಬೇಟೆಯನ್ನು ನೆಲಕ್ಕೆ ಹಿಂತಿರುಗಿಸುತ್ತಾರೆ. ನಾಯಿಗೆ ಮನೆಯ ಸಿಹಿ ಕೊಡುತ್ತಾರೆ."

ಸಂಗಪ್ಪ ಕಣ್ಣು ಬಿಟ್ಟು ಪಿಸುಗುಟ್ಟಿದ, "ಏನಂದ್ರಿ ಅವರಿಗೆ?"

"ಸುಮ್ಮನಿರಿ ಮಾರಾಯ್ರೆ. ನಿಮ್ಮ ಸಂಸ್ಕೃತಿ ಉಳಿಸ್ತಿದ್ದೇನೆ."

ಅಬು ಮಿಶಾರಿ ಬಗ್ಗಿ, ಮರಳಿನ ಮೇಲೆ ಬಿದ್ದಿದ್ದ ಹೋಳಿಗೆಯ ಒಂದು ಚೂರನ್ನು ಎತ್ತಿ ಮೂಸಿದ. ಅದನ್ನು ಕರವಸ್ತ್ರದಲ್ಲಿ ಕಟ್ಟಿ ಕಿಸೆಗಿಟ್ಟ. 

ಮಧ್ಯಾಹ್ನ ಡೇರೆಯಲ್ಲಿ ಊಟವಾಯಿತು. ಎಲ್ಲರೂ ಕುರಿ ತಿಂದರು, ಸಂಗಪ್ಪ ಖರ್ಜೂರ ತಿಂದ. ಬೇಟೆಯ ದಿನ ಮಾಂಸ ಮುಟ್ಟದಿರುವುದೂ ಮುಧೋಳದ ಪದ್ಧತಿ ಎಂದು ಕ್ಲೆಮೆಂಟ್ ಹೇಳಿದ. ಅಷ್ಟು ಹೊತ್ತಿಗೆ ಮುಧೋಳದಲ್ಲಿ ಪದ್ಧತಿಯಲ್ಲದ್ದು ಏನೂ ಉಳಿದಿರಲಿಲ್ಲ.

"ನಿಮ್ಮ ಕಡೆಯ ಬೇಟೆಯ ಒಂದು ಕತೆ ಹೇಳು," ಎಂದ ಅಬು ನವಾಫ್.

ಕ್ಲೆಮೆಂಟ್ ಬಾಯಿ ತೆರೆಯುವ ಮೊದಲೇ ಸಂಗಪ್ಪ ಮಾತಾಡಿಬಿಟ್ಟ. ಬೆಳಗಿನ ಆ ಓಟ ಅವನೊಳಗೆ ಏನನ್ನೋ ಅಲುಗಿಸಿತ್ತು. ಅವನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಮ್ಮ ಮುತ್ಯಾ ಹೇಳ್ತಿದ್ರಿ. ಮಲ್ಲಪ್ಪ ಅಂತ. ಹುಡುಗ ಇದ್ದಾಗ ಕೊಲ್ಲಾಪುರ ಮಹಾರಾಜರ ಹಂತೇಕ ಬಂಡಿ ಹೊಡೀತಿದ್ರಂತ. ಬಂಡ್ಯಾಗ ಚೀತಾ ಕೂಡಸ್ತಿದ್ರಂತ್ರಿ."

ಕ್ಲೆಮೆಂಟ್ ಅನುಮಾನದಿಂದ ನೋಡಿದ. "ಇದು ನಿಜವಾ?"

"ನಿಜಾನರಿ. ಹೇಳ್ರಿ ಅವರಿಗೆ."

ಚೀತಾದ ಕಣ್ಣಿಗೂ ಟೊಪ್ಪಿಗೆ ಹಾಕುತ್ತಿದ್ದರು, ಈ ಗಿಡುಗಕ್ಕೆ ಹಾಕಿದ ಹಾಗೆಯೇ. ಚಿಗರಿ ಜಿಂಕೆಗಳ ಹಿಂಡು ಮನುಷ್ಯನನ್ನು ಕಂಡರೆ ಓಡುತ್ತಿತ್ತು, ಎತ್ತಿನ ಬಂಡಿಗೆ ಓಡುತ್ತಿರಲಿಲ್ಲ, ದಿನಾ ನೋಡಿದ್ದು. ಬಂಡಿ ಹತ್ತಿರ ಹತ್ತಿರ ಹೋಗಿ ನಿಂತಾಗ ಟೊಪ್ಪಿಗೆ ತೆಗೆಯುತ್ತಿದ್ದರು. ಮಲ್ಲಪ್ಪ ಆಗ ಹಿಂತಿರುಗಿ ನೋಡುವಂತಿರಲಿಲ್ಲ, ಎತ್ತು ಹಿಡಿದುಕೊಂಡು ಮುಂದೆಯೇ ನೋಡಬೇಕು. ಆದರೆ ದಾರಿಯುದ್ದಕ್ಕೂ ಆ ಚೀತಾ ಬೆಕ್ಕಿನ ಹಾಗೆ ಗುರುಗುರು ಎನ್ನುತ್ತಿದ್ದದ್ದು ಅವನು ಕೂತ ಹಲಗೆಯೊಳಗಿಂದ ಬಂದು ಬೆನ್ನುಹುರಿಯಲ್ಲಿ ಕೇಳುತ್ತಿತ್ತು. ಟೊಪ್ಪಿಗೆ ತೆಗೆದೊಡನೆ ಆ ಗುರುಗುರು ನಿಲ್ಲುತ್ತಿತ್ತು. ಅಷ್ಟೇ. ಮುಂದೇನಾಯಿತೆಂದು ಮಲ್ಲಪ್ಪ ಚಿಗರಿಗಳ ಕಣ್ಣಿನಲ್ಲಿ ನೋಡಿ ತಿಳಿಯುತ್ತಿದ್ದ.

"ಈಗ ಚೀತಾ ಇಲ್ಲರಿ," ಎಂದ ಸಂಗಪ್ಪ. "ಆ ಬಯಲಿನ್ಯಾಗ ಈಗ ಕಬ್ಬು ಹಚ್ಯಾರ. ಮುತ್ಯಾ ಸಾಯೂತನಕ ಹಲಗಿ ಮ್ಯಾಲ ಕುಂತಾಗೊಮ್ಮೆ ಕೈ ಇಟ್ಟು ನೋಡ್ತಿದ್ದರು, ಗುರುಗುರು ಅಂತೈತೇನು ಅಂತ."

 ಅಬು ನವಾಫ್ ಕಣ್ಣೊರೆಸಿಕೊಂಡ. "ಇಂಥವನನ್ನು ನಾಲ್ಕು ವರ್ಷ ಫಿಲ್ಟರ್ ತೊಳೆಯಲು ಇಟ್ಟಿದ್ದೆನಲ್ಲ," ಎಂದ.

ಇದೇ ಗಳಿಗೆ ಎಂದು ಕ್ಲೆಮೆಂಟ್ ಮೊಣಕೈಯಿಂದ ತಿವಿದ. ಸಂಗಪ್ಪ ತನ್ನ ಬಟ್ಟಲಿನ ಕಾಫಿಯನ್ನು ಗಟಗಟ ಮುಗಿಸಿ, ಖಾಲಿ ಬಟ್ಟಲು ಕೆಳಗಿಟ್ಟು, ಎರಡೂ ಕೈಯಲ್ಲಿ ಕಾಗದ ಚಾಚಿದ. ಕ್ಲೆಮೆಂಟ್ ವಿವರಿಸಿದ.

ಅಬು ನವಾಫ್ ಓದಿ ಮಡಚಿ ಹಿಂದಕ್ಕೆ ಕೊಟ್ಟ. "ಬೇರೆ ಏನಾದರೂ ಕೇಳು. ನಿನ್ನೆ ಕೇಳಿದ್ದರೆ ನೋಡದೆ ಸಹಿ ಹಾಕುತ್ತಿದ್ದೆ. ಇವತ್ತು ನಿನ್ನನ್ನು ಬಿಟ್ಟರೆ ಬೇಟೆಗಾರರೆಲ್ಲ ನಗುತ್ತಾರೆ. ಖಲಾಸ್."

ಸಂಗಪ್ಪನಿಗೆ ಫಿಂಟಾಸಿನ ಬಚ್ಚಲ ಕಿಟಕಿ ಮುಚ್ಚಿದ ಸದ್ದು ಕೇಳಿಸಿತು.  ಕಣ್ಣಲ್ಲಿ ನೀರು ಬಂದು ಜಮಖಾನೆಯ ಹೂಗಳು ಮಸುಕಾದವು. ಬರ್ಕ್ ಅವನ ಖಾಲಿ ಕಿಸೆಯನ್ನು ಮೂಸಿತು.

ಆಗ ಕುಂಞಿ ಅಬು ಮಿಶಾರಿಗೆ ಕಾಫಿ ಹೊಯ್ದ. ಮುದುಕ ಬಟ್ಟಲು ತೆಗೆದುಕೊಂಡ. ಕುಡಿಯಲಿಲ್ಲ. ತುಂಬಿದ ಬಟ್ಟಲನ್ನು ತನ್ನ ಮುಂದೆ ನೆಲದ ಮೇಲಿಟ್ಟು ಕೈ ಕಟ್ಟಿ ಕೂತ.

 ಅಬು ನವಾಫನ ಮುಖ ಬಿಗಿಯಿತು. ಅವನು ಏನೋ ಕೇಳಿದ; ಮುದುಕ ಸಂಗಪ್ಪನ ಕಡೆ ನೋಡುತ್ತಾ ಒಂದೆರಡು ಮಾತು ಗೊಣಗಿದ. ಅದು ಮರುಭೂಮಿಯ ಅಲೆಮಾರಿಗಳ ಹಳೆಯ ಬದುವೀ ಅರಬಿ; ಕ್ಲೆಮೆಂಟನಿಗೂ ಹಿಡಿಯಲಿಲ್ಲ. ಅಬು ನವಾಫ್ ನಿಟ್ಟುಸಿರು ಬಿಟ್ಟು ಕಾಗದಕ್ಕೆ ಕೈ ಚಾಚಿದ. ಪೆನ್ನು ತರಿಸಿ ಬರೆದ, ಸಹಿ ಹಾಕಿದ, ಉಂಗುರದ ಮೊಹರು ಒತ್ತಿದ. ಆಮೇಲೆ ಮುದುಕ ಬಟ್ಟಲೆತ್ತಿ ಕುಡಿದ.

"ನಿಮ್ಮ ಕಣ್ಣೀರು ನೋಡಿ ಆ ಹಿರಿಯರು ಶಿಫಾರಸು ಮಾಡಿದ್ರು," ಎಂದ ಕ್ಲೆಮೆಂಟ್, ಕಾಗದವನ್ನು ಮಡಚಿಯೇ ಫೈಲಿಗೆ ಸೇರಿಸುತ್ತಾ. ಸಂಗಪ್ಪ ಅಬು ಮಿಶಾರಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ, ಮೂರು ಸಲ. ಇಷ್ಟು ದೊಡ್ಡ ಬಯಲಿನಲ್ಲಿ ಇಷ್ಟು ದೊಡ್ಡ ಮನಸ್ಸು ಬೆಳೆಯದೆ ಇನ್ನೇನು ಬೆಳೆಯುತ್ತದೆ ಎಂದುಕೊಂಡ. ಮುದುಕ ಅವನ ಭುಜ ತಟ್ಟಿದ.

ಸಂಜೆ ಜಹರಾದ ಪೆಟ್ರೋಲ್ ಬಂಕಿನಲ್ಲಿ ಪಿಕಪ್ ನಿಂತಾಗ ಸಂಗಪ್ಪ ಕಾರ್ಡ್ ಫೋನಿನಿಂದ ಸವಳಗಿಯ ಪಕ್ಕದ ಮನೆಗೆ ಫೋನ್ ಮಾಡಿದ. ನೀಲಕ್ಕ ಓಡಿ ಬಂದು ಹಿಡಿದಳು.

"ಸಹಿ ಆತು. ಟ್ರಂಕು ತಗದು ಇಡು. ಉಗಾದಿ ಇಲ್ಲೇ."

 "ಹೋಳಿಗಿ ಕೆಟ್ಟಿದ್ದಿಲ್ಲ ಹೌದಲ್ಲರಿ?" ಎಂದಳು.

"ಭಾಳ ಚಲೋ ಇದ್ದವು. ಎಲ್ಲಾರೂ ಮೆಚ್ಚಿದ್ರು."

ಪಿಕಪ್ ಮತ್ತೆ ಹೊರಟಿತು. ಕುಂಞಿ ಸ್ವಲ್ಪ ದೂರ ಓಡಿಸಿ, "ಒಂದು ಕೇಳ್ಲಾ ಭಾಯಿ? ನಿಮಗೆ ರಿಲೀಸ್ ಬೇಕಿತ್ತಲ್ಲ, ಮತ್ತೆ ಕಾಫಿ ಕುಡಿದು ಯಾಕೆ ಕೇಳಿದ್ದು?" ಎಂದ.

"ಕುಡಿದ ಮ್ಯಾಲೆ ಕೇಳಬೇಕಲ್ರಿ?"

"ಯಾರು ಹೇಳಿದ್ದು?"

ಸಂಗಪ್ಪ ಕ್ಲೆಮೆಂಟನ ಕಡೆ ನೋಡಿದ. ಕ್ಲೆಮೆಂಟ್ ಕಿಟಕಿಯ ಕಡೆ ನೋಡಿದ.

"ಕುಡಿಯುವ ಮೊದಲು ಕೇಳ್ಬೇಕು," ಎಂದ ಕುಂಞಿ. "ಅತಿಥಿ ತುಂಬಿದ ಬಟ್ಟಲು ಕೆಳಗಿಟ್ಟ ಅಂದ್ರೆ, ನನ್ನದೊಂದು ಬೇಡಿಕೆ ಉಂಟು, ಕೊಡುವವರೆಗೆ ಕುಡಿಯುದಿಲ್ಲ ಅಂತ ಲೆಕ್ಕ. ಕೊಡದೆ ಕಳಿಸಿದ್ರೆ ಯಜಮಾನನ ಮರ್ಯಾದೆ ಹೋಯ್ತು. ಇವರಲ್ಲಿ ಅಜ್ಜನ ಕಾಲದ ಪದ್ಧತಿ. ನೀವು ಕುಡಿದಾದ ಮೇಲೆ ಕೇಳಿದ್ರಿ, ಅವರಿಗೆ ಇಲ್ಲ ಅನ್ಲಿಕ್ಕೆ ಸುಲಭ ಆಯ್ತು. ಅಬು ಮಿಶಾರಿ ಕುಡಿಯದೆ ಕೇಳಿದ್ರು."

"ಅದನ್ನ ಅನ್ನಾಕತ್ತೇನ್ರಿ. ಪುಣ್ಯಾತ್ಮ. ನನ್ನ ಸಲುವಾಗಿ ಕೇಳಿದ್ರು."

ಕುಂಞಿ ಗೇರು ಬದಲಿಸಿದ. "ನಿಮ್ಮ ಸಲುವಾಗಿ ಅಲ್ಲ ಭಾಯಿ. ನಿಮ್ಮನ್ನೇ ಕೇಳಿದ್ದು. ಕಾಫಿ ಪಾತ್ರೆ ಹಿಡ್ಕೊಂಡು ನಾನು ಅಲ್ಲೇ ನಿಂತಿದ್ದೆ. ನಿಮಗೆ ಗೊತ್ತುಂಟು ಅಂತ ಅಂದ್ಕೊಂಡೆ. ಅಷ್ಟು ಸಲ ಕೈ ಕಣ್ಣಿಗೊತ್ತಿಕೊಂಡ್ರಲ್ಲ."

ಕ್ಲೆಮೆಂಟ್ ಫೈಲಿನಿಂದ ಕಾಗದ ತೆಗೆದು, ಮಡಿಕೆ ಬಿಚ್ಚಿ, ಮುಳುಗುತ್ತಿದ್ದ ಬೆಳಕಿಗೆ ಹಿಡಿದ. ಅವನು ಜಾಣತನದಿಂದ ಖಾಲಿ ಬಿಟ್ಟಿದ್ದ ಜಾಗ ಈಗ ಖಾಲಿ ಇರಲಿಲ್ಲ. ಅಬು ನವಾಫನ ದುಂಡನೆಯ ಅಕ್ಷರದಲ್ಲಿ ಅಬು ಮಿಶಾರಿಯ ಪೂರ್ತಿ ಹೆಸರು, ತಂದೆಯ ಹೆಸರು, ಕುಲದ ಹೆಸರು ಸಾಲು ತುಂಬ ಇತ್ತು. ಹುದ್ದೆ ಎಂಬಲ್ಲಿ 'ಕುರಿಗಾಹಿ' ಎಂದಿತ್ತು.

"ನಾಯಿ ನೋಡುವವ ಅಂತ ಹುದ್ದೆ ಸರಕಾರಿ ಪಟ್ಟಿಯಲ್ಲಿ ಇಲ್ಲ," ಎಂದು ಕ್ಲೆಮೆಂಟ್ ಸಣ್ಣ ದನಿಯಲ್ಲಿ ವಿವರಿಸಿದ. "ಅದಕ್ಕೆ ಹಾಗೆ ಬರೆದದ್ದು."

"ಹರದು ಒಗೀರಿ ಅದನ್ನ."

"ಕಾಗದ ಹರೀಬಹುದು," ಎಂದ ಕುಂಞಿ. "ಅಬು ಮಿಶಾರಿ ಕಾಫಿ ಕುಡಿದಾಯ್ತಲ್ಲ."

"ಕುರಿಗಾಹಿ ವೀಸಾಕ್ಕ ಫ್ಯಾಮಿಲಿ ಕೊಡ್ತಾರೇನ್ರಿ?"

ಗೊತ್ತಿಲ್ಲ ಎಂದು ಕ್ಲೆಮೆಂಟ್ ಹೇಳಿದ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಬಂತು. ಆದರೆ ಅವನಿಗೆ ಗೊತ್ತಿತ್ತು. ಕೊಡುತ್ತಿರಲಿಲ್ಲ.

ವಫ್ರಾದಲ್ಲಿ ಅಬು ಮಿಶಾರಿಯ ಬಳಿ ಹದಿನಾಲ್ಕು ಸಲೂಕಿಗಳಿದ್ದವು; ಸಂಗಪ್ಪ ಅವುಗಳನ್ನು ನೋಡಿಕೊಳ್ಳಲು ಹೋದ. ಉಗಾದಿಗೆ ನೀಲಕ್ಕ ಬರಲಿಲ್ಲ. ತಿಂಗಳಿಗೆ ಎರಡು ಡಬ್ಬಿ ಶೇಂಗಾ ಹೋಳಿಗೆ ಬಂದವು. ಸಂಗಪ್ಪ ಒಂದನ್ನೂ ತಿನ್ನಲಿಲ್ಲ.